ಕಸದ ಫೋನು ಎತ್ತುತ್ತಿದ್ದ ಆಂಟಿ

ಅವರ ಎಡಗಿವೀಲಿ ಏಳು ಹರಳಿನ ಓಲೆ ಫಳಫಳ ಅಂತಿತ್ತು. ಬಲಗಿವಿ ಬೋಳು. ಬೋಳು ಅಂದ್ರೆ ಒಂದು ಕಡ್ಡೀನೂ ಇಲ್ಲ. ಆ ಕಿವಿ ಯಾವಾಗಲೂ ಕೆಂಪಗೆ, ತಟ್ಟಿದ ಅಕ್ಕಿರೊಟ್ಟಿ ಥರ ಚಪ್ಪಟೆಯಾಗಿ ತಲೆಗೆ ಅಂಟಿಕೊಂಡಿರ್ತಿತ್ತು. ಬೆಳಗ್ಗೆಯಿಂದ ಸಾಯಂಕಾಲದವರೆಗೂ ಫೋನಿನ ರಿಸೀವರ್ ಒತ್ತಿ ಒತ್ತಿ ಹಾಗಾಗಿತ್ತು. ಓಲೆ ಚುಚ್ಚುತ್ತೆ ಅಂತ ಆ ಕಡೇದು ತೆಗೆದು ಪರ್ಸಲ್ಲಿ ಹಾಕ್ಕೊಂಡಿದ್ರು. "ಮುತ್ತೈದೆ ಹಾಗೆ ಒಂದು ಕಿವಿ ಬೋಳು ಬಿಡಬಾರದು ರೀ" ಅಂತ ಯಾರೋ ಬುದ್ಧಿ ಹೇಳಿದ್ದಕ್ಕೆ, "ನಮ್ಮ ಯಜಮಾನ್ರು ಎಡಗಡೆ ಮಲಗ್ತಾರೆ, ಅವರಿಗೆ ಕಾಣ್ತದೆ ಬುಡಿ" ಅಂದಿದ್ರು. ಬುದ್ಧಿ ಹೇಳಿದೋರು ಆಮೇಲೆ ಒಂದು ವರ್ಷ ಅವರ ಪಕ್ಕ ಕೂರಲಿಲ್ಲ.

ನಾನು ಅವರನ್ನ ಆಂಟಿ ಅಂತಿದ್ದೆ, ಇಲ್ಲೂ ಹಾಗೇ ಅಂತೀನಿ. ಎಂಬತ್ತರ ದಶಕದ ಕೊನೆ ಅದು. ಅಮೆರಿಕದ ಕ್ಯಾಲಿಫೋರ್ನಿಯಾ, ಸ್ಯಾನ್ ರಮೋನ್‌ನಿಂದ ಒಂದೆರಡು ಎಕ್ಸಿಟ್ ಆಚೆ, ಫ್ರೀವೇ ಪಕ್ಕದ ಒಂದು ಸಣ್ಣ ಊರು. ಊರಿನ ಹೆಸರು ಹಾಕಲ್ಲ, ಹಾಕಿದ್ರೆ ಕಾಮೆಂಟಲ್ಲಿ ಪಂಚಾಯ್ತಿ ಶುರುವಾಗತ್ತೆ. ಆಂಟಿ ಮಂಡ್ಯ ಕಡೆಯೋರು. ಗಂಡ ಇಂಜಿನಿಯರು, ಬಾಯಿಲ್ಲದ ಮನುಷ್ಯ. ಆಂಟಿಗೆ ಅಲ್ಲಿನ ಸಿಟಿ ಆಫೀಸಲ್ಲಿ, ಅಂದ್ರೆ ಮುನಿಸಿಪಾಲ್ಟೀಲಿ, ಕೆಲಸ. ಏನ್ ಕೆಲಸ ಅಂತೀರಾ? ಕಸದ ಕಂಪ್ಲೇಂಟು. ನಮ್ಮ ಬೀದಿಗೆ ಲಾರಿ ಬಂದಿಲ್ಲ, ನಮ್ಮ ಡಬ್ಬ ಒಡೆದು ಹಾಕಿದ್ರು, ಪಕ್ಕದ್ಮನೆಯೋನು ತನ್ನ ಕಸ ನನ್ನ ಡಬ್ಬಕ್ಕೆ ತುರುಕ್ತಾನೆ. ಊರಲ್ಲಿ ಯಾರಿಗೆ ಕಸದ ಬಗ್ಗೆ ಸಿಟ್ಟು ಬಂದ್ರೂ ಅದು ನೆಟ್ಟಗೆ ಬಂದು ಬೀಳ್ತಿದ್ದಿದ್ದು ಆ ಬಲಗಿವಿಗೆ.

ನಮ್ಮ ಕನ್ನಡದೋರ ವಿಷಯ ನಿಮಗೆ ಗೊತ್ತಲ್ಲ. ಎಲ್ಲರೂ ಡಾಕ್ಟರು, ಇಂಜಿನಿಯರು. ಇವರೊಬ್ಬರು ಹೀಗೆ. ಹಿಂದಿನಿಂದ "ಕಸದ ಆಂಟಿ" ಅಂತ ನಗೋರು. ಆಂಟಿಗೆ ಅದು ಗೊತ್ತಿತ್ತು. ಕನ್ನಡ ಸಂಘದ ಯುಗಾದಿ ಊಟದಲ್ಲಿ ಒಬ್ಬ ದೊಡ್ಡಮನುಷ್ಯ ಬೇಕಂತಲೇ ಎಲ್ಲರ ಎದುರಿಗೆ "ತಾವು ಏನು ಮಾಡ್ಕೊಂಡಿದೀರಿ?" ಅಂತ ಕೇಳಿದ. ಆಂಟಿ ಎಲೆಯಿಂದ ತಲೆ ಎತ್ತಿ, ಇಡೀ ಹಾಲಿಗೆ ಕೇಳೋ ಹಾಗೆ, "ಊರ ಕಸ ಎಲ್ಲಾ ನಾನೇ ನೋಡ್ಕೊಳೋದು. ನಿಮ್ಮನೇದು ವಸಿ ಜಾಸ್ತಿ ಬತ್ತದೆ" ಅಂದ್ರು.

ಅವರು ಕೆಲಸ ಮಾಡೋದನ್ನ ನಾನು ಕಣ್ಣಾರೆ ನೋಡಿದೀನಿ. ಬಸುರಿ ಹೊತ್ತಲ್ಲಿ ಮನೇಲಿ ಬೇಜಾರಾದ್ರೆ ಅವರ ಆಫೀಸಿಗೆ ಹೋಗಿ ಕೂರ್ತಿದ್ದೆ. ಫೋನಲ್ಲಿ ಯಾರಾದ್ರೂ ಕೂಗಾಡ್ತಿದ್ರೆ ಆಂಟಿ ಒಂದು ಮಾತೂ ಆಡ್ತಿರ್ಲಿಲ್ಲ. ಸಾರಿ ಇಲ್ಲ, ಎಸ್ ಇಲ್ಲ, ಏನೂ ಇಲ್ಲ. ಚಕ್ಕುಲಿ ಮುರಿದು ಕಾಫೀಲಿ ಅದ್ದಿ ನೆನೆಸಿ ತಿನ್ನೋರು, ಕಟುಂ ಅನ್ನೋ ಸದ್ದು ಆ ಕಡೆಯೋರಿಗೆ ಕೇಳಬಾರದು ಅಂತ. ಅವನು ಬೈದು ಬೈದು ಸುಸ್ತಾದ ಮೇಲೆ ಒಂದೇ ಮಾತು, "ಅಡ್ರೆಸ್ಸು ಹೇಳಿ." ನಾನು ಕೇಳಿದ್ದಕ್ಕೆ ಹೇಳಿದ್ರು, "ಹಾಲು ಉಕ್ಕೋವಾಗ ಮುಚ್ಚಳ ಹಾಕಬಾರದು ಕಣವ್ವ. ಉಕ್ಕಿ ಇಳೀಲಿ. ಆಮೇಲೆ ಒಲೆ ನಾವು ಒರೆಸ್ಕೊಳಾದು ಇದ್ದದ್ದೇ."

ಇದನ್ನ ಓದಿ ಆಹಾ ಎಂಥ ತಾಳ್ಮೆ, ದೇವತೆ ಅಂದ್ಕೋಬೇಡಿ. ದೇವತೇನೂ ಅಲ್ಲ, ಮಣ್ಣೂ ಅಲ್ಲ. ಅವರ ಸೇಡು ನಾಗರಹಾವಿಂದು. ಒಂದ್ಸಲ ಒಬ್ಬ ಫೋನ್ ಮಾಡಿ, ನಿನ್ನ ಇಂಗ್ಲಿಷು ನನಗೆ ಅರ್ಥ ಆಗಲ್ಲ, ಮನುಷ್ಯರು ಯಾರಾದ್ರೂ ಇದ್ರೆ ಕೊಡು ಅಂದ. ಅವನ ಕಂಪ್ಲೇಂಟು ಏನಪ್ಪಾ ಅಂದ್ರೆ ಲಾರಿ ಲೇಟಾಗಿ ಬರತ್ತೆ ಅನ್ನೋದು. ಆಂಟಿ ತುಂಬಾ ವಿನಯವಾಗಿ ಬರ್ಕೊಂಡ್ರು. ಲಾರಿಗಳ ಸೂಪರ್‌ವೈಸರು ಅಂತ ಒಬ್ಬ ಪೋರ್ಚುಗೀಸ್ ಮೂಲದ ಆಸಾಮಿ ಇದ್ದ, ಆರಡಿ ಮೇಲೆ, ಪೊದೆ ಮೀಸೆ, ಆಂಟಿಯ ಚಕ್ಕುಲಿಗೆ ಪ್ರಾಣ ಬಿಡ್ತಿದ್ದ. ಅವನಿಗೆ ಹೇಳಿ ಆ ಮನುಷ್ಯನ ಮನೇನೇ ರೂಟಲ್ಲಿ ಮೊದಲನೇದು ಮಾಡಿಸಿದ್ರು. ಅವತ್ತಿಂದ ಲಾರಿ ಕೋಳಿ ಕೂಗೋಕೆ ಮುಂಚೆ ಅವನ ಬೆಡ್‌ರೂಮ್ ಕಿಟಕಿ ಕೆಳಗೆ ಬಂದು ಬೀಪ್ ಬೀಪ್ ಅಂತ ಹಿಂದಕ್ಕೆ ತಗೊಳೋದು. ಲೇಟು ಅನ್ನೋ ಮಾತೇ ಇಲ್ಲ. "ಬಗೆಹರೀತಲ್ಲ" ಅಂತ ಆಂಟಿ ಕಾಫಿ ಕುಡಿದ್ರು.

ಈಗ ನಮ್ಮ ಕಥೆಗೆ ಬರ್ತೀನಿ.

ನಮ್ಮ ಬೀದೀಲಿ ಕನ್ನಡದೋರ ಮನೆ ಮೂರೇ. ಮೂಲೇಲಿ ಆಂಟಿ ಮನೆ. ಮಧ್ಯದಲ್ಲಿ ನಾವು, ಬಾಡಿಗೆಗೆ. ನಮ್ಮ ಪಕ್ಕದಲ್ಲೇ ಒಬ್ಬ ಡಾಕ್ಟರ ಕುಟುಂಬ, ಸ್ವಂತ ಮನೆ, ಈಜುಕೊಳ ಎಲ್ಲಾ. ನಾನು ಮದುವೆಯಾಗಿ ಬಂದು ವರ್ಷ ಆಗಿತ್ತು. ಮನೇಲಿ ನಾನು, ನಮ್ಮೆಜಮಾನ್ರು, ಮೈಸೂರಿಂದ ಬಂದ ನಮ್ಮತ್ತೆ. ಅತ್ತೆಗೆ ಇಂಗ್ಲಿಷು ಬರಲ್ಲ, ಆದ್ರೆ ಅಡುಗೆ ಮಾಡಿ ಬಡಿಸಿ ಇಡೀ ಬೀದಿನ ಒಲಿಸ್ಕೊಂಡಿದ್ರು. ಡಾಕ್ಟರ ಹೆಂಡ್ತಿ ಅಂತೂ ಶನಿವಾರದ ಭಜನೆಗೆ ನಮ್ಮನೆಗೆ ಬಂದ್ರೆ, ಅತ್ತೆ ಮಾಡಿದ ಸಾರು ಎರಡು ಸಲ ಹಾಕಿಸ್ಕೊಂಡು, ಲೋಟದಲ್ಲೂ ಕುಡಿದು, "ಅಮ್ಮಾ, ನಿಮ್ಮ ಕೈ ರುಚಿ ಅಂದ್ರೆ ಸೂಪರ್" ಅನ್ನೋಳು.

ಆ ವರ್ಷ ಚಳಿಗಾಲ ಶುರುವಾಗೋ ಹೊತ್ತಿಗೆ ಸಿಟಿಯೋರು ನಮ್ಮ ಬೀದಿ ಕಸದ ದಿನ ಬದಲಾಯಿಸಿದ್ರು. ಮಂಗಳವಾರ ಇದ್ದಿದ್ದು ಶುಕ್ರವಾರ ಬೆಳಗ್ಗೆ ಆಯ್ತು. ಡಬ್ಬ ಗುರುವಾರ ಸಾಯಂಕಾಲ ಐದರ ಮೇಲೆ ರಸ್ತೆ ಅಂಚಿಗೆ ಇಡಬೇಕು, ಅದಕ್ಕೆ ಮುಂಚೆ ಇಟ್ರೆ ಫೈನು. ಉಳಿದೋರಿಗೆ ಇದೇನು ಮಹಾ. ನಮ್ಮನೇಲಿ ಪ್ರಳಯ. ಚಳಿಗಾಲದಲ್ಲಿ ಐದು ಗಂಟೆಗೇ ಕತ್ತಲು. ಕತ್ತಲಾದ ತಕ್ಷಣ ಅತ್ತೆ ದೇವರ ದೀಪ ಹಚ್ಚೋರು. ದೀಪ ಹಚ್ಚಿದ ಮೇಲೆ ಮನೆ ಕಸ ಹೊಸ್ತಿಲು ದಾಟಂಗಿಲ್ಲ, ಲಕ್ಷ್ಮೀನೂ ಜೊತೆಗೆ ಹೊರಟುಹೋಗ್ತಾಳೆ. ಸರಿ, ಬೆಳಗ್ಗೆ ಎದ್ದು ಹಾಕೋಣ ಅಂದ್ರೆ ಅದು ಶುಕ್ರವಾರ! "ಶುಕ್ರವಾರ ಬೆಳಗಾಗೆದ್ದು ಕಸ ಆಚೆ ಹಾಕ್ತಾರೇನಮ್ಮಾ? ಅದೂ ಬಸುರಿ ಇರೋ ಮನೇಲಿ?" ಅಂದ್ರು ಅತ್ತೆ. ನಮ್ಮೆಜಮಾನ್ರು ಬೆಳಗ್ಗೆ ಬೇಗ ದೂರದ ಮೆನ್ಲೋ ಪಾರ್ಕ್ ಊರಿಗೆ ಕೆಲಸಕ್ಕೆ ಓಡೋರು. ಅಮ್ಮನ ಹತ್ರ ಜಗಳ ಆಡೋಕಿಂತ ಟ್ರಾಫಿಕ್ಕೇ ವಾಸಿ ಅವರಿಗೆ.

ಹೀಗಾಗಿ ಕಸ ಮನೇಲೇ ಉಳೀತು. ಗರಾಜಿನ ಪಕ್ಕ ಚೀಲದ ಮೇಲೆ ಚೀಲ. ಕುಂಬಳಕಾಯಿ ಸಿಪ್ಪೆ, ಬಾಳೆ ಸಿಪ್ಪೆ, ಕಾಫಿ ಚರಟ. ವಾಸನೆ ಬಂತು, ಇಲ್ಲ ಅನ್ನಲ್ಲ. ಡಬ್ಬಕ್ಕೆ ಸಿಟಿಯೋರ ಒಂದು ಹಳದಿ ಚೀಟಿ ನೇತುಬಿತ್ತು. ಯಾರೋ ಕಂಪ್ಲೇಂಟ್ ಕೊಟ್ಟಿದ್ರು.

ಆಂಟಿ ಆಫೀಸಿಂದ ನೇರ ನಮ್ಮನೆಗೆ ಬಂದ್ರು. ನನ್ನ ಬೈತಾರೆ ಅಂದ್ಕೊಂಡೆ. ಅವರು ಅತ್ತೆ ಪಕ್ಕ ಹೋಗಿ ಕೂತ್ರು.

"ಅಮ್ಮಾ, ಮೈಸೂರಲ್ಲಿ ದೀಪ ಎಷ್ಟೊತ್ತಿಗೆ ಹಚ್ತಿದ್ರಿ?"

"ಆರೂವರೆಗೆ. ಯಾಕಮ್ಮಾ?"

"ಅಂದ್ರೆ ನಿಮ್ಮನೆ ಲಕ್ಷ್ಮಿಗೆ ಆರೂವರೆ ಅಭ್ಯಾಸ. ಇಲ್ಲಿ ಐದಕ್ಕೇ ಕತ್ಲಾಯ್ತದೆ ಅಂತ ನೀವು ಐದಕ್ಕೇ ಹಚ್ಚಿದ್ರೆ ಅವಳು ಹೆಂಗ್ ಬಂದಾಳು? ಇದು ಅಮೆರಿಕದ ಕತ್ಲು. ಅವಳಿಗೂ ಇದಕ್ಕೂ ಸಂಬಂಧ ಇಲ್ಲ."

ಅತ್ತೆ ತಲೆ ಎತ್ತಿ ಗೋಡೆ ಗಡಿಯಾರ ನೋಡಿದ್ರು. ಆಮೇಲೆ, "ನೀನು ಹೇಳೋದೂ ಸರಿ. ಅವಳು ಟೈಮಿನ ಹೆಂಗಸು" ಅಂದ್ರು.

ಮುಗೀತು. ಗುರುವಾರ ಐದಕ್ಕೆ ಡಬ್ಬ ಆಚೆಗೆ, ಆರೂವರೆಗೆ ದೀಪ. ಗರಾಜಿನ ಪಕ್ಕ ತೊಳೆದು ರಂಗೋಲಿ ಹಾಕೋ ಹಾಗೆ ಮಾಡಿದ್ವಿ. ಚೀಲ ಇರ್ಲಿ, ಒಂದು ನೊಣಾನೂ ಇರಲಿಲ್ಲ. ಆದ್ರೆ ಕಂಪ್ಲೇಂಟು ನಿಲ್ಲಲಿಲ್ಲ! ಮತ್ತೆ ಚೀಟಿ. ಮನೆ ಓನರ್ ಫೋನ್ ಮಾಡಿ, ಇನ್ನೊಂದು ನೋಟಿಸ್ ಬಂದ್ರೆ ಮನೆ ಖಾಲಿ ಮಾಡಿಸ್ತೀನಿ ಅಂದ. ನಾನು ಆರು ತಿಂಗಳ ಬಸುರಿ. ಆ ಕಾಲದಲ್ಲಿ ನಮಗೆ ಬಾಡಿಗೆ ಮನೆ ಸಿಗೋದೇ ಕಷ್ಟ. ಮುಖ ನೋಡಿದ ತಕ್ಷಣ, ಓ ಈಗ ತಾನೇ ಯಾರಿಗೋ ಕೊಟ್ಬಿಟ್ವಿ ಅನ್ನೋರು. ಅತ್ತೆ ಇದೆಲ್ಲಾ ತಮ್ಮಿಂದಲೇ ಆಯ್ತು ಅಂತ ಊಟ ಬಿಟ್ರು. ವಾಪಸ್ಸು ಮೈಸೂರಿಗೆ ಕಳಿಸಿಬಿಡು ಅಂತ ಮಗನ ಹತ್ರ ಅತ್ರು. ಒಗ್ಗರಣೆ ಹಾಕೋದನ್ನೇ ನಿಲ್ಲಿಸಿಬಿಟ್ರು ರೀ, ವಾಸನೆ ಆಚೆ ಹೋಗತ್ತೆ ಅಂತ. ಬರೀ ಬೇಯಿಸಿದ ಬೇಳೆ.

ಆಂಟಿಗೆ ಅನುಮಾನ ಬಂತು. ಫೋನ್ ಮಾಡ್ತಿದ್ದೋಳು ತನ್ನ ಹೆಸರು ಮಿಸೆಸ್ ನೆಲ್ಸನ್ ಅಂತಿದ್ಲಂತೆ. ಮೂಗಲ್ಲಿ ಎಳೆದು ಎಳೆದು ಅಮೆರಿಕನ್ ಇಂಗ್ಲಿಷು. ಸಾಮಾನ್ಯವಾಗಿ ಒಂದು ನಿಮಿಷ ಅಂತ ಹೇಳಿ ಹೋಲ್ಡ್ ಬಟನ್ ಒತ್ತೋದು ಪದ್ಧತಿ, ಒತ್ತಿದ್ರೆ ಆ ಕಡೆ ಮಾತು ಈ ಕಡೆ ಕೇಳಲ್ಲ. ಈ ಸಲ ಆಂಟಿ "ಪ್ಲೀಸ್ ಹೋಲ್ಡ್" ಅಂದ್ರು, ಬಟನ್ ಒತ್ತಲಿಲ್ಲ. ಸುಮ್ನೆ ಕಿವಿ ಒತ್ತಿ ಕೂತ್ರು. ಆ ಕಡೆಯಿಂದ ಮಿಸೆಸ್ ನೆಲ್ಸನ್ ಕೂಗಿದ್ಲು, "ಏಯ್ ಪುಟ್ಟಾ! ಕುಕ್ಕರ್ ಮೂರು ಸಲ ಕೂಗ್ತಲ್ಲೋ, ಕಿವಿ ಕೇಳಲ್ವಾ? ಆಫ್ ಮಾಡೋ!"

ಅವತ್ತು ಸಾಯಂಕಾಲ ಆಂಟಿ ನಮ್ಮ ಹಿತ್ತಲಿಗೆ ಬಂದು ನಿಂತ್ರು.

"ಕಂಪ್ಲೇಂಟ್ ಕೊಟ್ಟೋರ ಹೆಸರು ಹೇಳಂಗಿಲ್ಲ ಕಣವ್ವ. ನಮ್ಮಲ್ಲಿ ರೂಲ್ಸು. ಹೇಳಿದ್ರೆ ಕೆಲ್ಸ ಹೋಯ್ತದೆ. ಅದ್ಕೆ ಹೇಳಕ್ಕಿಲ್ಲ. ಈ ಬೀದೀಲಿ ಕನ್ನಡದ ಮನೆ ಎಷ್ಟು?"

"ಮೂರು."

"ನಾನು ಫೋನ್ ಮಾಡಿಲ್ಲ. ನೀನು ಮಾಡಿದ್ಯಾ?"

ನಾನು ಬೇಲಿ ಕಡೆ ತಿರುಗಿ ನೋಡಿದೆ. ಬೇಲಿ ಆ ಕಡೆ ಡಾಕ್ಟರ ಮನೆ ಅಡುಗೆಮನೆ ದೀಪ ಉರೀತಿತ್ತು. ಹಿಂದಿನ ಶನಿವಾರ ತಾನೇ ಅವಳು ನಮ್ಮ ಸೋಫಾದಲ್ಲಿ ಕೂತು, ಅತ್ತೆ ಕೈ ಹಿಡ್ಕೊಂಡು, "ಅಯ್ಯೋ, ಯಾವ ಪಾಪಿ ಅಮ್ಮಾ ಹೀಗೆ ಮಾಡ್ತಿರೋದು?" ಅಂತ ಕಣ್ಣಲ್ಲಿ ನೀರು ಹಾಕಿದ್ಲು.

"ಹೋಗಿ ಕೇಳ್ಬಿಡ್ಲಾ ಆಂಟಿ?"

"ಕೇಳಿದ್ರೆ ಇಲ್ಲ ಅಂತಾಳೆ. ಅವಳ ಬಾಯಿಂದ ಬರಾದು ಬ್ಯಾಡ, ತಾನೇ ಆಚೆ ಬತ್ತದೆ. ಸುಮ್ಕಿರು."

ರೂಲ್ಸು ಇನ್ನೊಂದಿತ್ತು. ಒಂದೇ ಮನೆ ಮೇಲೆ ಪದೇ ಪದೇ ಕಂಪ್ಲೇಂಟ್ ಬಂದ್ರೆ ಸೂಪರ್‌ವೈಸರು ಕಂಪ್ಲೇಂಟ್ ಕೊಟ್ಟೋರ ಮನೆಗೇ ಹೋಗಿ, ಅಲ್ಲಿವರೆಗೂ ವಾಸನೆ ಬರತ್ತಾ ಅಂತ ನೋಡಬೇಕು. ನೋಡಿ ರಿಪೋರ್ಟ್ ಕೊಟ್ರೆ ಮಾತ್ರ ಕೊನೇ ನೋಟಿಸು. ಮಿಸೆಸ್ ನೆಲ್ಸನ್‌ಗೆ ಆ ಕೊನೇ ನೋಟಿಸು ಬೇಕಿತ್ತು. ಮುಂದಿನ ಸಲ ಫೋನ್ ಮಾಡಿದಾಗ ಆಂಟಿ ಅಡ್ರೆಸ್ಸು ಕೇಳಿದ್ರು. ಅವಳು ಎಳೆದಾಡಿ ಎಳೆದಾಡಿ ಕೊನೆಗೆ ಕೊಟ್ಲು, ಗುಟ್ಟು ಆಚೆ ಬಿಡಂಗಿಲ್ಲ ಅನ್ನೋ ರೂಲ್ಸಿನ ಧೈರ್ಯದ ಮೇಲೆ. ಯಾವ ದಿನ ಬೇಕಾದ್ರೂ ಬರ್ಲಿ, ಬರೋ ಹದಿನಾಲ್ಕು ಮಾತ್ರ ಬೇಡ, ಮನೇಲಿ ಗೆಸ್ಟ್ಸ್ ಇರ್ತಾರೆ ಅಂದ್ಲು. ಹದಿನಾಲ್ಕು ಅಂದ್ರೆ ಸಂಕ್ರಾಂತಿ. ಅವಳ ಮನೇಲಿ ಹೆಂಗಸರಿಗೆಲ್ಲ ಎಳ್ಳು ಬೀರೋ ಕಾರ್ಯಕ್ರಮ. ನಮ್ಮನ್ನೂ ಕರೆದಿದ್ಲು. ಸಾಲದು ಅಂತ ಸಕ್ಕರೆ ಅಚ್ಚು ಮಾಡಿಕೊಡೋಕೆ ಅತ್ತೆಗೇ ಹೇಳಿದ್ಲು!

ಆಂಟಿ ಬರ್ಕೊಂಡ್ರು: ಹದಿನಾಲ್ಕನೇ ತಾರೀಕು, ಮಧ್ಯಾಹ್ನ.

ಅವತ್ತು ಆಂಟಿ ಅರ್ಧ ದಿನ ರಜ ಹಾಕಿ, ರೇಷ್ಮೆ ಸೀರೆ ಉಟ್ಟು ಬಂದ್ರು. ಹಾಲಲ್ಲಿ ಸುತ್ತಮುತ್ತ ಊರಿನ ಕನ್ನಡದ ಹೆಂಗಸರೆಲ್ಲ ಇದ್ರು. ಅತ್ತೆ ಮೈಸೂರಿಂದ ತಂದ ಮರದ ಅಚ್ಚಲ್ಲಿ ಮಾಡಿದ ಸಕ್ಕರೆ ಗಿಣಿ, ಸಕ್ಕರೆ ಆನೆ, ಸಕ್ಕರೆ ಬಾಳೆಗೊನೆ ತಟ್ಟೆ ತುಂಬಾ. ಡಾಕ್ಟರ ಹೆಂಡ್ತಿ ಕುಂಕುಮ ಕೊಡ್ತಾ, ತಮ್ಮನ ಫ್ಯಾಮಿಲಿ ಬೆಂಗಳೂರಿಂದ ಬರ್ತಿದೆ, ಪಕ್ಕದಲ್ಲೇ ಮನೆ ನೋಡಿದೀವಿ, ಇನ್ನೇನು ಖಾಲಿ ಆಗತ್ತೆ ಅಂತ ಯಾರಿಗೋ ಹೇಳ್ತಿದ್ಲು. ಅವಳ ಪಕ್ಕದ ಮನೆ ಅಂದ್ರೆ ಒಂದು ಕಡೆ ನಮ್ದು, ಇನ್ನೊಂದು ಕಡೆ ಪಾರ್ಕು. ಆಗ ನನಗೆ ಪೂರ್ತಿ ಗೊತ್ತಾಗಿದ್ದು, ನಮ್ಮ ಮನೆ ಮೇಲೆ ಅವಳಿಗೆ ಯಾಕೆ ಕಣ್ಣು ಅಂತ.

ಬೆಲ್ ಆಯ್ತು. ಬಾಗಿಲಲ್ಲಿ ಆ ಆರಡಿ ಮೀಸೆ. ಎದೆ ಮೇಲೆ ಸಿಟಿ ಬ್ಯಾಡ್ಜು.

"ಮಿಸೆಸ್ ನೆಲ್ಸನ್ ಇದ್ದಾರಾ?"

"ನೋ ನೋ, ರಾಂಗ್ ಹೌಸ್" ಅಂತ ಅವಳು ಬಾಗಿಲು ಮುಚ್ಚೋಕೆ ಹೋದ್ಲು.

"ಇದೇ ಅಡ್ರೆಸ್ಸು ಮೇಡಂ. ಪಕ್ಕದ ಮನೆ ಇಂಡಿಯನ್ನರ ಕಸದ ಬಗ್ಗೆ ಫೋನ್ ಮಾಡಿದ್ರಲ್ಲ? ಅವರ ಅಡುಗೆ ಕೊಳೆತ ನಾತಕ್ಕೆ ಮಕ್ಕಳಿಗೆ ವಾಂತಿ ಬರತ್ತೆ ಅಂತ? ವಾಸನೆ ನೋಡೋಕೆ ಬಂದಿದೀನಿ."

ಇಂಗ್ಲಿಷ್ ಬರೋರೆಲ್ಲ ಅವಳ ಮುಖ ನೋಡ್ತಿದ್ರು. ಅತ್ತೆಗೆ ಅರ್ಥ ಆಗಿರಲಿಲ್ಲ. "ಏನಂತೆ ಅವರದು? ಅವರಿಗೂ ಎರಡು ಅಚ್ಚು ಕೊಡ್ರೇ" ಅಂದ್ರು ಪಾಪ.

ಆಂಟಿ ಸೋಫಾದಿಂದ ಎದ್ರು. ಸೆರಗು ಸರಿ ಮಾಡ್ಕೊಂಡು, ನಿಧಾನಕ್ಕೆ, ಒಂದೊಂದೇ ಮಾತು ಕನ್ನಡಕ್ಕೆ ತಂದ್ರು.

"ಅಮ್ಮಾ, ಇವರು ಕಸದ ಆಫೀಸಿನೋರು. ಈ ಮನೆಯಿಂದ ಯಾರೋ ನಿಮ್ಮನೆ ಮೇಲೆ ಕಂಪ್ಲೇಂಟ್ ಮಾಡವ್ರಂತೆ. ನಿಮ್ಮ ಅಡುಗೆ ನಾತ ಹೊಡೀತದಂತೆ. ಮಕ್ಕಳು ಕಕ್ಕೊತ್ತವಂತೆ. ಯಾರು ಅಂತ ನನಗೆ ಹೇಳಕ್ ಬರಕ್ಕಿಲ್ಲ, ರೂಲ್ಸು. ಮಿಸೆಸ್ ನೆಲ್ಸನ್ ಅಂತೆ. ಈ ಮನೇಲಿ ಯಾರವ್ವ ಅದು?"

ಡಾಕ್ಟರ ಹೆಂಡ್ತಿ ಕೈಯಲ್ಲಿದ್ದ ಕುಂಕುಮದ ಬಟ್ಟಲು ಹಾಗೇ ಇತ್ತು. ಅವಳ ಮಗ ಮೆಟ್ಟಿಲ ಮೇಲಿಂದ, "ಮಾಮ್, ದಟ್ಸ್ ಯೂ, ರೈಟ್?" ಅಂದ. ಆ ಮಗು ಬಾಯಿಗೆ ಸಕ್ಕರೆ ಹಾಕಬೇಕು!

ಅತ್ತೆ ಕೂಗಾಡಲಿಲ್ಲ. ಎದ್ದು ಹೋಗಿ, ಅವಳ ಎದುರಿಗೆ ನಿಂತು, "ನನ್ನ ಸಾರು ನಾತವೇನಮ್ಮಾ? ಲೋಟದಲ್ಲಿ ಕುಡಿದ್ಯಲ್ಲ" ಅಂದ್ರು. ಅಷ್ಟೇ. ಆಮೇಲೆ ತಮ್ಮ ಸ್ಟೀಲ್ ಡಬ್ಬಿ ತಗೊಂಡು, ತಟ್ಟೆಯಲ್ಲಿದ್ದ ಗಿಣಿ, ಆನೆ, ಬಾಳೆಗೊನೆ ಒಂದೂ ಬಿಡದೆ ವಾಪಸ್ ತುಂಬಿಕೊಂಡ್ರು. ಸಂಕ್ರಾಂತಿ ದಿನ, ಕೊಟ್ಟ ಸಕ್ಕರೆ ಅಚ್ಚು ವಾಪಸ್ ತಗೊಂಡ ಹೆಂಗಸನ್ನ ನೀವು ನೋಡಿದೀರಾ? ನಾನು ನೋಡಿದೀನಿ.

ಆಂಟಿ ಸೂಪರ್‌ವೈಸರ್ ಕೈಗೆ ಎಳ್ಳು ಬೆಲ್ಲ ಹಾಕಿ, ಡಾಕ್ಟರ ಹೆಂಡ್ತಿ ಮುಖ ನೋಡ್ತಾ, "ತಿನ್ನಪ್ಪ. ಎಳ್ಳು ಬೆಲ್ಲ ತಿಂದು ಒಳ್ಳೆ ಮಾತಾಡು" ಅಂದ್ರು. ಅವನು ಅಗೀತಾ ನಮ್ಮ ಗರಾಜು ಪೂರ್ತಿ ಸುತ್ತಿ ಬಂದು, ಇಲ್ಲಿ ಏನೂ ಇಲ್ಲ ಅಂತ ಬರೆದು, ಓನರಿಗೂ ಫೋನ್ ಮಾಡಿದ. ಮನೆ ಉಳೀತು. ಅವತ್ತು ರಾತ್ರಿ ಅತ್ತೆ ಇಂಗಿನ ಒಗ್ಗರಣೆ ಹಾಕಿದ್ರು ನೋಡಿ, ಕಿಟಕಿ ಬಾಗಿಲು ಎಲ್ಲಾ ತೆಗೆದಿಟ್ಟು.

ಆಂಟಿ ಕೆಲಸ ಉಳೀಲಿಲ್ಲ. ಡಾಕ್ಟರು ಸಿಟಿ ಕೌನ್ಸಿಲಲ್ಲಿ ಯಾರನ್ನೋ ಹಿಡಿದು, ಕಂಪ್ಲೇಂಟ್ ಕೊಟ್ಟೋರ ಗುಟ್ಟು ಬಿಟ್ಟುಕೊಟ್ರು ಅಂತ ಹೇಳಿಸಿದ. ಆಂಟಿನ ಕರೆಸಿ ಕೇಳಿದ್ರು. "ಮಿಸೆಸ್ ನೆಲ್ಸನ್ ಅನ್ನೋರು ಆ ಮನೇಲಿ ಯಾರೂ ಇಲ್ಲ. ಇಲ್ಲದಿರೋರ ಗುಟ್ಟು ನಾನು ಹೆಂಗೆ ಬಿಟ್ಟುಕೊಡ್ಲಿ?" ಅಂದ್ರಂತೆ. ಆದ್ರೂ ತೆಗೆದು ಹಾಕಿದ್ರು. ನಾನು ಹೋಗಿ ಕಣ್ಣೀರಿಟ್ಟೆ. "ಯಾಕವ್ವ ಅಳ್ತೀಯ? ಅವಳ ಮುಖ ನೋಡಿದ್ಯೋ ಇಲ್ವೋ? ಅದನ್ನ ನೋಡಕ್ಕೆ ಟಿಕೆಟ್ ಇಟ್ಟಿದ್ರೆ ನಾನು ಕ್ಯೂ ನಿಂತು ತಗೋತಿದ್ದೆ" ಅಂದ್ರು. ಹಾಗಂದ್ರೂ ಅವರಿಗೆ ಆ ಕೆಲಸ ಅಂದ್ರೆ ಜೀವ ಅಂತ ನನಗೆ ಗೊತ್ತಿತ್ತು. ಎಷ್ಟೋ ದಿನ ಮನೇಲಿ ಫೋನ್ ರಿಂಗ್ ಆದ್ರೆ ಹಲೋ ಅನ್ನೋ ಬದಲು "ಅಡ್ರೆಸ್ಸು ಹೇಳಿ" ಅಂದುಬಿಡೋರು.

ಆಮೇಲೆ ಮನೇಲೇ ಡೇಕೇರ್ ಇಟ್ರು. ನನ್ನ ಮಗಳು ಬೆಳೆದಿದ್ದು ಅವರ ಮಡಿಲಲ್ಲಿ. ಡಾಕ್ಟರ ಕುಟುಂಬ ಮನೆ ಮಾರಿ ದುಡ್ಡಿನೋರ ಸರಟೋಗಾ ಬೆಟ್ಟಕ್ಕೆ ಹೋಯ್ತು. ಅಲ್ಲಿಗೆ ಹೋದ್ರೆ ಆಂಟಿ ಬಿಡ್ತಾರಾ? ಮದುವೆ, ನಾಮಕರಣ, ಸಂಘದ ಊಟ, ಅವಳು ಎಲ್ಲಿ ಕೂತಿದ್ರೂ ಸರಿಯಾಗಿ ಎದುರಿಗೆ ಹೋಗಿ ಕೂರೋರು. ಮಾತಿಲ್ಲ. ಬರೀ ನಗು. "ನಾನು ಎದುರಿಗೆ ಕುಂತ್ರೆ ಅವಳಿಗೆ ಅನ್ನ ಇಳಿಯಕ್ಕಿಲ್ಲ. ನಂಗೆ ಎರಡು ತುತ್ತು ಜಾಸ್ತಿ ಹೋಯ್ತದೆ." ಮೂವತ್ತು ವರ್ಷ ಹೀಗೆ. ಒಳ್ಳೆಯೋರು ಕ್ಷಮಿಸಿಬಿಡ್ತಾರೆ ಅಂತ ನನಗೆ ಯಾರೂ ಹೇಳೋಕೆ ಬರಬೇಡಿ. ಒಳ್ಳೆಯೋರೊಬ್ಬರನ್ನ ನಾನು ಹತ್ತಿರದಿಂದ ನೋಡಿದೀನಿ, ಅವರು ಕ್ಷಮಿಸಿರಲಿಲ್ಲ.

ಹೋದ ವರ್ಷ ಆಂಟಿ ಹೋದ್ರು. ನಿದ್ದೇಲಿ, ಯಾರಿಗೂ ತೊಂದರೆ ಕೊಡದೆ. ಫ್ಯೂನರಲ್ ಹೋಮಲ್ಲಿ, ಅಂದ್ರೆ ಕೊನೇ ದರ್ಶನಕ್ಕೆ ಇಡೋ ಕಡೆ, ಯಾರ‍್ಯಾರು ಮಾತಾಡಬೇಕು ಅಂತ ಕರೆಯೋ ಕೆಲಸ ನನ್ನದು. ಬಿಳಿ ಸೀರೆ, ಮುತ್ತಿನ ಸರ, ಕೈಲಿ ಕೋಲು ಹಿಡ್ಕೊಂಡು ಡಾಕ್ಟರ ಹೆಂಡ್ತಿ ಬಂದ್ಲು. ಬಂದು ನನ್ನ ಕೈ ಹಿಡ್ಕೊಂಡು, "ನಾನೂ ಎರಡು ಮಾತಾಡ್ತೀನಮ್ಮಾ. ಎಷ್ಟು ವರ್ಷದ ಫ್ರೆಂಡ್‌ಶಿಪ್ ನಮ್ದು" ಅಂದ್ಲು.

"ಖಂಡಿತ ಮಾತಾಡಿ" ಅಂದೆ. "ಮೈಕಲ್ಲಿ ಮಿಸೆಸ್ ನೆಲ್ಸನ್ ಅಂತ ಕರೀಲಾ, ಇಲ್ಲ ನಿಮ್ಮ ಹೆಸರೇ ಹೇಳ್ಲಾ?"

ಕೈ ಬಿಟ್ಲು. ಕೋಲು ಊರ್ಕೊಂಡು ಹಿಂದಿನ ಸಾಲಿಗೆ ಹೋಗಿ ಕೂತ್ಲು. ಸಾವಿನ ಮನೇಲಿ, ಅದೂ ವಯಸ್ಸಾದೋಳ ಹತ್ರ ಹೀಗಾ ನಡ್ಕೊಳೋದು ಅಂತ ನನ್ನ ಮಗಳು ಇಂಗ್ಲಿಷಲ್ಲಿ ಗದರಿದ್ಲು. ಅವಳು ಹುಟ್ಟಿ ಬಂದಿದ್ದು ಯಾವ ಮನೆಗೆ, ಆ ಮನೆ ಹೇಗೆ ಉಳೀತು ಅಂತ ಅವಳಿಗೆ ಗೊತ್ತಿರಲಿಲ್ಲ. ಅಲ್ಲಿ ಕೂತಿದ್ದ ಎಷ್ಟೋ ಜನಕ್ಕೆ ಗೊತ್ತಿರಲಿಲ್ಲ. ಆಂಟಿ ಏನೋ ತಪ್ಪು ಮಾಡಿ ಕೆಲಸ ಕಳ್ಕೊಂಡ್ರಂತೆ ಅನ್ನೋದೊಂದೇ ಅವರಿಗೆ ಗೊತ್ತಿದ್ದಿದ್ದು.

ಅದಕ್ಕೇ ನಾನೇ ಮೈಕ್ ತಗೊಂಡೆ. ಮೊದಲಿಂದ ಕೊನೇವರೆಗೂ ಹೇಳಿದೆ, ಇಲ್ಲಿ ನಿಮಗೆ ಹೇಳಿದ ಹಾಗೇನೇ. ಒಂದೇ ವ್ಯತ್ಯಾಸ, ಅಲ್ಲಿ ಹೆಸರು ಸಮೇತ ಹೇಳಿದೆ. ಹೆಸರು ಹೇಳಬಾರದು ಅನ್ನೋ ರೂಲ್ಸು ಇದ್ದಿದ್ದು ಆಂಟಿಗೆ. ನನಗಲ್ಲ.